ಶಾಲೆ ಬಿಟ್ಟ ಹುಡುಗರ ಜೊತೆ ಕೆಲಸ: ಇದನ್ನು ನಂಬಿ ಬದುಕಬಹುದಾ?

ಪ್ರಶ್ನೆ: ನನಗೆ 27 ವರ್ಷ. ಊರು ಜಗಳೂರು ತಾಲ್ಲೂಕು, ಈಗ ಇರುವುದು ದಾವಣಗೆರೆಯಲ್ಲಿ. ಎಂ.ಎ., ಬಿ.ಇಡಿ. ಆಗಿದೆ. ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಗೌರವಧನ ಬಂದಾಗ ಬಂತು, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಎರಡು ವರ್ಷದಿಂದ ಭಾನುವಾರ ನಮ್ಮ ಏರಿಯಾದ ಹುಡುಗರಿಗೆ ಪಾಠ ಹೇಳುತ್ತಿದ್ದೇನೆ. ಗ್ಯಾರೇಜು, ಮಂಡಕ್ಕಿ ಭಟ್ಟಿ, ಬಟ್ಟೆ ಅಂಗಡಿಗೆ ಹೋಗುವ ಹುಡುಗರು. ಹೆಚ್ಚಿನವರು ಎಂಟು, ಒಂಬತ್ತಕ್ಕೆ ಶಾಲೆ ಬಿಟ್ಟವರು. ಒಬ್ಬನಿಗೆ ಮಾತ್ರ ಇನ್ನೂ ಹನ್ನೆರಡು. ಎರಡು ವಾರ ಬರುತ್ತಾರೆ, ಆಮೇಲೆ ಪತ್ತೆ ಇರುವುದಿಲ್ಲ. ಈಗ ಒಂದು ಸಂಸ್ಥೆ ಇಂಥವರಿಗಾಗಿ ಕಲಿಕಾ ಕೇಂದ್ರ ತೆರೆಯುತ್ತಿದೆ. ತಿಂಗಳಿಗೆ 20 ಸಾವಿರ ಕೊಡುತ್ತೇವೆ, ಬನ್ನಿ ಎಂದು ಕರೆದಿದ್ದಾರೆ. ಅಪ್ಪಾಜಿ, ‘ಎನ್‌ಜಿಒ ಕೆಲಸ ಇವತ್ತು ಇರುತ್ತೆ, ನಾಳೆ ಇರಲ್ಲ. ಸುಮ್ನೆ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದು’ ಅನ್ನುತ್ತಾರೆ. ಶಾಲೆಗೆ ಹೋಗದೆ ಪರೀಕ್ಷೆ ಬರೆದು ಪಡೆಯುವ ಓಪನ್ ಸ್ಕೂಲ್ ಸರ್ಟಿಫಿಕೇಟ್ ಎಲ್ಲೂ ನಡೆಯಲ್ಲ, ಆ ಹುಡುಗರಿಗೆ ಸುಳ್ಳು ಆಸೆ ತೋರಿಸಬೇಡ ಅಂತ ಶಾಲೆಯ ಸಹೋದ್ಯೋಗಿಗಳು ಹೇಳುತ್ತಾರೆ. ಸೇರಲಾ, ಬೇಡವಾ?

ಉತ್ತರ: ಈ ಕೆಲಸ ಉಳಿಯುತ್ತಾ, ಸರ್ಕಾರಿ ನೌಕರಿಯ ದಾರಿ ಮುಚ್ಚಿಹೋಗುತ್ತಾ, ಹುಡುಗರಿಗೆ ಸಿಗುವ ಸರ್ಟಿಫಿಕೇಟಿಗೆ ಬೆಲೆ ಇದೆಯಾ – ನೀವು ನೇರವಾಗಿ ಕೇಳಿದ್ದು ಈ ಮೂರು. ನಾಲ್ಕನೆಯದನ್ನು ಪ್ರಶ್ನೆಯಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ: ಹುಡುಗರು ಯಾಕೆ ನಿಲ್ಲುತ್ತಿಲ್ಲ? ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವರಾಗಿ ಹೇಳುತ್ತೇನೆ, ಈ ನಾಲ್ಕನೆಯ ಪ್ರಶ್ನೆಯ ಹಿಂದೆ ಬಿದ್ದವರೇ ಈ ಕ್ಷೇತ್ರದಲ್ಲಿ ಉಳಿಯುವುದು. ಚೆನ್ನಾಗಿ ಪಾಠ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಒಬ್ಬ ಹುಡುಗ ಮಂಗಳವಾರ ಯಾಕೆ ಬರಲಿಲ್ಲ ಅಂತ ಹುಡುಕಿಕೊಂಡು ಹೋಗುವವರು ಸಿಗುವುದು ಕಷ್ಟ.

ಅದಕ್ಕೂ ಮೊದಲು, ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಹನ್ನೆರಡು ವರ್ಷದ ಹುಡುಗನ ವಿಷಯ. ಅವನು ನಿಮ್ಮ ಭಾನುವಾರದ ಪಾಠಕ್ಕೆ ಬರಬೇಕಾದವನಲ್ಲ, ದಿನಾ ಶಾಲೆಯಲ್ಲಿರಬೇಕಾದವನು. ಹದಿನಾಲ್ಕರೊಳಗಿನ ಮಕ್ಕಳನ್ನು ಗ್ಯಾರೇಜಲ್ಲಾಗಲಿ ಭಟ್ಟಿಯಲ್ಲಾಗಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅವನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ನೀವೇ ಶಾಲೆಯಲ್ಲಿ ಕೆಲಸ ಮಾಡುವವರು. ಅವನ ತಾಯಿಯನ್ನು ಕರೆದುಕೊಂಡು ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಮನೆಯವರು ಒಪ್ಪುತ್ತಿಲ್ಲ, ಮುಂಗಡ ಸಾಲಕ್ಕೆ ಹುಡುಗನನ್ನು ಕೆಲಸಕ್ಕಿಟ್ಟಿದ್ದಾರೆ, ಅಥವಾ ಹೊಡೆತ ಬಡಿತ ಇದೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕೆಲಸ ಮಾಡುವ ಸಣ್ಣ ಮಕ್ಕಳಿಗೆ ಸಂಜೆ ಪಾಠ ಅಂತ ಕೆಲವರು ಒಳ್ಳೆಯ ಮನಸ್ಸಿನಿಂದಲೇ ಶುರು ಮಾಡುತ್ತಾರೆ. ಅದರಿಂದ ಆಗುವುದೇನು? ಹಗಲು ಅವನನ್ನು ದುಡಿಸಿಕೊಳ್ಳುವವರಿಗೆ ಇನ್ನಷ್ಟು ಅನುಕೂಲ, ಅಷ್ಟೇ.

ಹದಿನಾಲ್ಕರಿಂದ ಹದಿನೆಂಟರವರದ್ದು ಬೇರೆ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕಕ್ಕೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಅಪಾಯದ ಕೆಲಸಗಳನ್ನು ಮಾತ್ರ ಇವರಿಗೆ ನಿಷೇಧಿಸುತ್ತದೆ. ಉಳಿದ ಕೆಲಸಕ್ಕೂ ಮಿತಿ ಇದೆ. ಬಿಡುವು, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಬಾರದು. ನಸುಕಿಗೇ ಒಲೆ ಹೊತ್ತಿಸಿ ಬಿಸಿ ಮರಳಲ್ಲಿ ಅಕ್ಕಿ ಹುರಿಯುವ ಭಟ್ಟಿಯಲ್ಲಿ ಇದು ಹೇಗೆ ಪಾಲನೆಯಾಗುತ್ತದೆ ಅಂತ ನಿಮಗೇ ಗೊತ್ತು. ಆದರೂ ಈ ನಿಯಮ ತಿಳಿದಿರಬೇಕು. ‘ಸಂಜೆ ಏಳಕ್ಕೆ ಹುಡುಗನನ್ನು ಬಿಡಿ’ ಅಂತ ಮಾಲೀಕರನ್ನು ಕೇಳುವಾಗ ನೀವು ಉಪಕಾರ ಬೇಡುತ್ತಿಲ್ಲ.

ಇನ್ನು ಹುಡುಗರು ಯಾಕೆ ನಿಲ್ಲುವುದಿಲ್ಲ ಅನ್ನುವುದು. ‘ಓದಿನಲ್ಲಿ ಆಸಕ್ತಿ ಇಲ್ಲ, ಮನೆಯವರಿಗೆ ತಿಳಿವಳಿಕೆ ಇಲ್ಲ’ ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ನಾನು ಕಂಡದ್ದು ಹಾಗಲ್ಲ. ಹೆಚ್ಚಿನ ಸಲ ಕಾರಣ ಪಾಠದ ಹೊತ್ತಿನಲ್ಲಿರುತ್ತದೆ, ಕೂಲಿಯಲ್ಲಿರುತ್ತದೆ, ಇಲ್ಲಾ ನಾಚಿಕೆಯಲ್ಲಿರುತ್ತದೆ.

ಹೊತ್ತನ್ನೇ ನೋಡಿ. ವಾರವಿಡೀ ಕಬ್ಬಿಣ ಎತ್ತಿದ ಹುಡುಗನಿಗೆ ಇರುವುದು ಒಂದೇ ಭಾನುವಾರ. ಅವತ್ತು ತಲೆಗೆ ನೀರು ಹಾಕಿಕೊಳ್ಳಬೇಕು, ಬಟ್ಟೆ ಒಗೆಯಬೇಕು, ಗೆಳೆಯರ ಜೊತೆ ಒಂದು ಸುತ್ತು ಹೋಗಿಬರಬೇಕು. ನೀವು ಆ ದಿನವನ್ನೇ ಕೇಳುತ್ತಿದ್ದೀರಿ. ವಾರದ ನಡುವೆ ಎರಡು ಸಂಜೆ, ಗ್ಯಾರೇಜಿಗೆ ಹತ್ತಿರದಲ್ಲೇ, ಒಂದೊಂದು ಗಂಟೆ ಇಟ್ಟುಕೊಂಡರೆ ಬರುವವರು ಜಾಸ್ತಿಯಾಗುತ್ತಾರೆ. ಹುಡುಗಿಯರಿಗೆ ಸಂಜೆ ಆಗುವುದಿಲ್ಲ. ಕತ್ತಲಾದ ಮೇಲೆ ಮನೆಯವರು ಕಳಿಸುವುದಿಲ್ಲ. ಮನೆಗೆಲಸ ಮುಗಿದು, ನಲ್ಲಿ ನೀರು ಬರುವ ಮುಂಚಿನ ಮಧ್ಯಾಹ್ನದ ಎರಡು ಗಂಟೆಯೇ ಅವರಿಗೆ ಸಿಗುವುದು. ತಮ್ಮ, ತಂಗಿಯರನ್ನು ನೋಡಿಕೊಳ್ಳಬೇಕು ಅಂತ ಮನೆಯಲ್ಲೇ ಉಳಿದ ಹುಡುಗಿಯರು ಹಳ್ಳಿಗಳಲ್ಲಿ ಬಹಳ. ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ಶುರುವಾದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಇರುವ ಕಡೆ ಮೊದಲು ಆ ಕೂಸಿಗೆ ಒಂದು ಜಾಗ ಕೇಳಿ. ಅಕ್ಕ ತಾನಾಗಿ ಪಾಠಕ್ಕೆ ಬರುತ್ತಾಳೆ.

ಕೂಲಿಗೂ ಒಂದು ಪಂಚಾಂಗ ಇದೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಕೊಯ್ಲು ಬಂತೆಂದರೆ ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ. ಸುಲಿದಷ್ಟು ಕೂಲಿ, ಒಂದು ಕೈ ಹೆಚ್ಚಿದ್ದರೆ ಅಷ್ಟು ದುಡ್ಡು ಹೆಚ್ಚು. ಚಳ್ಳಕೆರೆ ಕಡೆ ಶೇಂಗಾ ಕೀಳುವ ಕಾಲ. ಕುರಿ ಇರುವ ಮನೆಯವರು ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಊರಲ್ಲೇ ಇರುವುದಿಲ್ಲ. ಕಾಫಿ ಹಣ್ಣಾಗುವ ಹೊತ್ತಿಗೆ ಕೆಲವು ಕುಟುಂಬಗಳು ಚಿಕ್ಕಮಗಳೂರು ಕಡೆ ಹೊರಡುತ್ತವೆ. ಜೂನಿಂದ ಏಪ್ರಿಲ್ ತನಕ ಒಂದೇ ಸಮ ನಡೆಯುವ ಪಾಠ ಈ ಮನೆಗಳಿಗೆ ಹೊಂದುವುದಿಲ್ಲ. ಕೇಂದ್ರದ ವೇಳಾಪಟ್ಟಿ ಹಾಕುವ ಮುಂಚೆ ಆ ಊರಿನ ದುಡಿಮೆ ಯಾವ ತಿಂಗಳಲ್ಲಿ ಏರುತ್ತದೆ, ಯಾವ ತಿಂಗಳಲ್ಲಿ ಇಳಿಯುತ್ತದೆ ಅಂತ ಬರೆದುಕೊಳ್ಳಬೇಕು. ಇಳಿಯುವ ತಿಂಗಳುಗಳಲ್ಲಿ ಗಟ್ಟಿಯಾಗಿ ಪಾಠ, ಏರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಮುಖ ತೋರಿಸಿದರೂ ಸಾಕು. ಸಂಪರ್ಕ ತಪ್ಪಬಾರದು, ಅಷ್ಟೇ.

ನಾಚಿಕೆಯದ್ದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಒಂಬತ್ತನೇ ತರಗತಿಗೆ ಬಿಟ್ಟ ಹುಡುಗ ಎದುರಿಗೆ ಕೂತಿದ್ದಾನೆ ಅಂತ ನೀವು ಹತ್ತನೆಯ ಪುಸ್ತಕ ತೆಗೆಯುತ್ತೀರಿ. ಅವನಿಗೆ ಒತ್ತಕ್ಷರ ಬಂದರೆ ತಡವರಿಸುತ್ತದೆ. ಅದು ಉಳಿದವರಿಗೆ ಗೊತ್ತಾಗುವ ಮೊದಲು ಅವನು ಬರುವುದನ್ನೇ ನಿಲ್ಲಿಸುತ್ತಾನೆ. ಹಾಗಾಗಿ ಮೊದಲ ವಾರವೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ ನೋಡಿ. ಪ್ರಥಮ್ ಸಂಸ್ಥೆ 2005ರಿಂದ ‘ಅಸರ್’ ಸಮೀಕ್ಷೆಯಲ್ಲಿ ಬಳಸುತ್ತಿರುವ ಓದಿನ ಪರೀಕ್ಷೆ ಬಹಳ ಸರಳ: ಅಕ್ಷರ, ಪದ, ಚಿಕ್ಕ ಪ್ಯಾರಾ, ಕೊನೆಗೆ ಸ್ವಲ್ಪ ಉದ್ದದ ಕಥೆ. ಐದು ನಿಮಿಷದ ಕೆಲಸ. ಎಲ್ಲಿ ತಡವರಿಸುತ್ತಾನೋ ಅಲ್ಲಿಂದ ಶುರು.

ಹಾಗೆಯೇ, ಅವನಿಗೆ ಏನು ಬರುತ್ತದೆ ಅಂತಲೂ ನೋಡಿ. ಪಿ.ಬಿ. ರಸ್ತೆ ಬದಿಯ ಗ್ಯಾರೇಜೊಂದರ ಹುಡುಗ ನಮ್ಮ ಕೇಂದ್ರಕ್ಕೆ ಬರುತ್ತಿದ್ದ. ದಶಮಾಂಶದ ಲೆಕ್ಕ ಬರೆದ ಕೂಡಲೇ ತಲೆ ತಗ್ಗಿಸುತ್ತಿದ್ದ. ಒಂದು ದಿನ ಕಲಿಸುವವರು ಅವನ ಪಾನಾಗಳನ್ನೇ ತರಲು ಹೇಳಿದರು. ‘ಅರ್ಧ ಇಂಚಿನದು ಸಿಗದಿದ್ದರೆ ಏನ್ ಮಾಡ್ತೀಯಾ?’ ಅಂದರು. ‘ಹದಿಮೂರರದ್ದು ಹಾಕ್ತೀನಿ ಅಕ್ಕ, ಹನ್ನೆರಡರದ್ದು ಕೂರೋದೇ ಇಲ್ಲ’ ಅಂದ. ಯಾಕೆ ಕೂರುವುದಿಲ್ಲ? ಒಂದು ಇಂಚಿಗೆ 25.4 ಮಿಲಿಮೀಟರ್. ಅರ್ಧಕ್ಕೆ 12.7. ಹನ್ನೆರಡಕ್ಕಿಂತ ದೊಡ್ಡದು, ಹದಿಮೂರಕ್ಕಿಂತ ಒಂದು ಕೂದಲೆಳೆ ಚಿಕ್ಕದು. ಹುಡುಗ ತನ್ನ ಕೈಯಲ್ಲಿದ್ದ ಪಾನಾವನ್ನು ತಿರುಗಿಸಿ, ಅದರ ಮೇಲೆ ಕೆತ್ತಿದ್ದ ಅಂಕಿಯನ್ನು ಮತ್ತೆ ಓದಿದ. ಅವತ್ತು ಉಳಿದವರಿಗೆ ಆ ಲೆಕ್ಕ ವಿವರಿಸಿದ್ದೂ ಅವನೇ. ಇಂಥ ಪಾಠ ಬಿ.ಇಡಿ.ಯಲ್ಲಿ ಹೇಳಿಕೊಡುವುದಿಲ್ಲ, ಗ್ಯಾರೇಜಿಗೆ ಹೋಗಿ ನಿಂತು ನೋಡಿದರೆ ಮಾತ್ರ ಹೊಳೆಯುತ್ತದೆ.

ಸರ್ಟಿಫಿಕೇಟಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಹೋದ್ಯೋಗಿಗಳ ಮಾತು ಎಲ್ಲಿಂದ ಬಂತು ಅಂತ ಗೊತ್ತು. ‘ನೇರವಾಗಿ ಹತ್ತನೇ ತರಗತಿ ಪಾಸ್’ ಅಂತ ಕಂಬಕ್ಕೆ ಚೀಟಿ ಅಂಟಿಸಿ, ಹೆಸರೇ ಕೇಳದ ಬೋರ್ಡಿನ ಕಾಗದ ಕೊಟ್ಟು ದುಡ್ಡು ಎಣಿಸಿಕೊಂಡವರು ಇದ್ದಾರೆ. ಅಂಥ ಕಾಗದ ನಿಜವಾಗಿಯೂ ಎಲ್ಲೂ ನಡೆಯುವುದಿಲ್ಲ. ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಹಾಗಲ್ಲ. 1989ರಲ್ಲಿ ಶುರುವಾದ ಇದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ. ಇದರ ಹತ್ತನೆಯ ತರಗತಿಗೆ ಉಳಿದ ಬೋರ್ಡುಗಳಿಗೆ ಸಮನಾದ ಮಾನ್ಯತೆ ಇದೆ. ಹದಿನಾಲ್ಕು ತುಂಬಿದವರು ಸೇರಬಹುದು. ಎಂಟನೆಯ ತರಗತಿಯ ಕಾಗದ ಇಲ್ಲದಿದ್ದರೆ ಓದುವ ಶಕ್ತಿ ಇದೆ ಅಂತ ಸ್ವಯಂ ದೃಢೀಕರಣ ಕೊಟ್ಟರೂ ಆಗುತ್ತದೆ. ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಐದು ವಿಷಯವನ್ನು ಒಂದೊಂದಾಗಿ ಪಾಸಾಗುತ್ತಾ ಹೋಗಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಎಸ್ಸೆಸ್ಸೆಲ್ಸಿ ಫೇಲಾದವರು ಪಾಸಾದ ಎರಡು ವಿಷಯಗಳ ಅಂಕವನ್ನು ಇಲ್ಲಿಗೆ ತರಬಹುದು. ಕೂಲಿಯ ಏರಿಳಿತ ಇರುವ ಮನೆಗೆ ಇದು ಚೆನ್ನಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಎನ್‌ಐಒಎಸ್‌ನಲ್ಲಿ ಗಣಿತ ಕಡ್ಡಾಯ ಅಲ್ಲ. ಫಲಿತಾಂಶ ಚೆನ್ನಾಗಿ ತೋರಿಸಬೇಕು ಅನ್ನುವ ಸಂಸ್ಥೆಗಳು ಹುಡುಗರಿಂದ ಗಣಿತ ಬಿಡಿಸುತ್ತವೆ. ಹುಡುಗ ಪಾಸಾಗುತ್ತಾನೆ, ಫೋಟೋ ಬರುತ್ತದೆ. ಆಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಹೋದರೆ ಗಣಿತ, ವಿಜ್ಞಾನ ಎಲ್ಲಿ ಅಂತ ಕೇಳುತ್ತಾರೆ. ಐಟಿಐಯ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡುಗಳಲ್ಲೂ ಅದೇ ಪ್ರಶ್ನೆ. ವೆಲ್ಡರ್‌ನಂಥ ಕೆಲವಕ್ಕೆ ಎಂಟನೆಯ ತರಗತಿ ಸಾಕು. ಆದ್ದರಿಂದ ವಿಷಯ ಆರಿಸುವ ಮುಂಚೆ ಹುಡುಗ ಮುಂದೆ ಎಲ್ಲಿಗೆ ಹೋಗುತ್ತಾನೆ ಅಂತ ಕೂತು ಮಾತಾಡಬೇಕು. ಹರಿಹರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಡೆ ಕಣ್ಣಿಟ್ಟವನಿಗೆ ಗಣಿತ ಬೇಕೇ ಬೇಕು. ಸ್ವಂತ ಟೈಲರಿಂಗ್ ಅಂಗಡಿ ಇಡಬೇಕೆನ್ನುವ ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಸ್ವಉದ್ಯೋಗ ಕಲಿಸುವ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯ ತರಬೇತಿ ಇದೆ, ಊಟ ವಸತಿ ಸಮೇತ ಉಚಿತ. ಇನ್ನು ಕೆಲವರಿಗೆ ಖಾಸಗಿ ಅಭ್ಯರ್ಥಿಯಾಗಿ ನಮ್ಮ ಎಸ್ಸೆಸ್ಸೆಲ್ಸಿಯನ್ನೇ ಬರೆಯುವುದು ಒಳ್ಳೆಯದು. ಪುಸ್ತಕ ಪರಿಚಯದ್ದು, ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ. ಆದರೆ ಒಂಬತ್ತನೆಯ ತನಕ ಸ್ವಲ್ಪ ಮಟ್ಟಿಗಾದರೂ ಓದಿದವರಿಗೆ ಮಾತ್ರ ಆ ದಾರಿ.

ಈಗ ನಿಮ್ಮ ವಿಷಯ, ಅಪ್ಪಾಜಿಯ ವಿಷಯ.

ಅಪ್ಪಾಜಿ ಹೇಳುವುದರಲ್ಲಿ ಅರ್ಧ ನಿಜ ಇದೆ. ಸಂಸ್ಥೆಗಳ ಕೆಲಸ ಯೋಜನೆಗೆ ಕಟ್ಟಿದ ಕೆಲಸ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇಂಥ ಕೇಂದ್ರಗಳಲ್ಲಿ ಬಹಳಷ್ಟು ನಡೆಯುವುದು ಆ ದುಡ್ಡಿನಲ್ಲಿ. ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಮಂಜೂರಾಗುತ್ತದೆ. ಕಂಪನಿ ಮನಸ್ಸು ಬದಲಿಸಿದರೆ ಕೇಂದ್ರದ ಬಾಗಿಲು ಹಾಕಬೇಕಾಗುತ್ತದೆ. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವುದನ್ನು ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ನಿಲ್ಲಿಸಿತು. ದೊಡ್ಡ ಸಂಸ್ಥೆಗಳನ್ನು ನಂಬಿಕೊಂಡಿದ್ದ ಜಿಲ್ಲಾ ಮಟ್ಟದ ಸಣ್ಣ ಸಂಸ್ಥೆಗಳಿಗೆ ಅದರಿಂದ ಪೆಟ್ಟು ಬಿತ್ತು. ಹಾಗಾಗಿ ‘ದುಡ್ಡು ಎಲ್ಲಿಂದ ಬರುತ್ತೆ, ಎಷ್ಟು ವರ್ಷಕ್ಕೆ?’ ಅಂತ ನೀವು ಸಂಸ್ಥೆಯನ್ನು ಕೇಳಬೇಕು. ಕೇಳಿದರೆ ಬೇಜಾರಾಗುತ್ತಾರೆ ಅಂತ ಸುಮ್ಮನಿರಬೇಡಿ.

ಆದರೆ ನಿಮ್ಮ ಈಗಿನ ಕೆಲಸವಾದರೂ ಕಾಯಂ ಅಲ್ಲ ಅಲ್ವಾ? ಅತಿಥಿ ಶಿಕ್ಷಕರ ಕೆಲಸ ಆ ವರ್ಷದ ಲೆಕ್ಕ. ಕಾಯಂ ಶಿಕ್ಷಕರು ಬಂದರೆ ಅಲ್ಲಿಗೆ ಮುಗಿಯಿತು. ಅಪ್ಪಾಜಿ ಹೋಲಿಸುತ್ತಿರುವುದು ಸಂಸ್ಥೆಯ ಕೆಲಸವನ್ನು, ಇನ್ನೂ ಸಿಗದ ಸರ್ಕಾರಿ ನೌಕರಿಯ ಜೊತೆ.

ಆ ನೌಕರಿಯ ಬಾಗಿಲು ಇದರಿಂದ ಮುಚ್ಚುವುದಿಲ್ಲ. ಟಿಇಟಿ ಪಾಸಾದರೆ ಆ ಪ್ರಮಾಣಪತ್ರ 2021ರಿಂದ ಜೀವನಪೂರ್ತಿ ನಡೆಯುತ್ತದೆ. ಮೊದಲಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 150ಕ್ಕೆ 90 ಬೇಕು. ಅದನ್ನೊಂದು ಕೈಯಲ್ಲಿ ಇಟ್ಟುಕೊಳ್ಳಿ. ಸಂಸ್ಥೆಯಲ್ಲಿ ದುಡಿದದ್ದಕ್ಕೆ ಸರ್ಕಾರಿ ಶಿಕ್ಷಕರ ನೇಮಕಾತಿಯಲ್ಲಿ ಅಂಕ ಸಿಗುವುದಿಲ್ಲ, ಇದೂ ಗೊತ್ತಿರಲಿ. ಅಲ್ಲಿ ಪರೀಕ್ಷೆಯ, ಪದವಿಯ ಅಂಕಗಳದ್ದೇ ಮಾತು. ಇಷ್ಟರ ಮೇಲೆ ಇನ್ನೊಂದು ಮಾತು ನೇರವಾಗಿ ಹೇಳಬೇಕು. ‘ನೌಕರಿ ಸಿಗುವ ತನಕ ಇಲ್ಲಿರೋಣ’ ಅಂತ ಬರುವವರಿಂದ ಈ ಮಕ್ಕಳಿಗೆ ಏಟು ಬೀಳುತ್ತದೆ. ಅಪ್ಪ ಬಿಟ್ಟುಹೋದ, ಮೇಷ್ಟ್ರು ಬೈದು ಕಳಿಸಿದ ಅನುಭವ ಇರುವ ಹುಡುಗ ಒಬ್ಬ ಅಕ್ಕನನ್ನು ನಂಬುವುದಕ್ಕೆ ತಿಂಗಳುಗಳು ಬೇಕು. ನೀವು ನಡುವೆ ಎದ್ದು ಹೋದರೆ ಮುಂದಿನ ಅಕ್ಕನನ್ನು ಅವನು ನಂಬುವುದಿಲ್ಲ. ಸೇರುವುದಾದರೆ ಎರಡು ವರ್ಷ ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಸೇರಿ.

ಮುಂದೆ ಬೆಳೆಯುವ ದಾರಿ ಇದೆಯಾ? ಇದೆ, ಆದರೆ ತಾನಾಗಿ ಸಿಗುವುದಿಲ್ಲ. ಕಲಿಸುವವರಾಗಿ ಶುರು ಮಾಡಿ ಕೇಂದ್ರದ ಜವಾಬ್ದಾರಿ, ಆಮೇಲೆ ಜಿಲ್ಲಾ ಸಂಯೋಜಕರು, ಅಲ್ಲಿಂದ ತರಬೇತಿ ಅಥವಾ ಪಠ್ಯ ತಯಾರಿಕೆ ಕಡೆ ಹೋದವರಿದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರ ಹುದ್ದೆಗಳಿರುತ್ತವೆ, ಗುತ್ತಿಗೆಯವು. ಅದಕ್ಕೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದ್ದರೆ ಅನುಕೂಲ. ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಓದಬಹುದು. ಕೆಲಸ ಬಿಟ್ಟು ಪೂರ್ತಿ ಎರಡು ವರ್ಷ ಓದುವ ಮನಸ್ಸಿದ್ದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶಿಕ್ಷಣ ಎಂ.ಎ. ನೋಡಿ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಆದರೆ ನನ್ನ ಸಲಹೆ, ಮೊದಲು ಎರಡು ವರ್ಷ ಕೆಲಸ, ಆಮೇಲೆ ಓದು. ಹುಡುಗರ ನಡುವೆ ಇದ್ದು ಬಂದವರಿಗೆ ಅಲ್ಲಿ ಕೇಳುವುದಕ್ಕೆ ಪ್ರಶ್ನೆಗಳಿರುತ್ತವೆ. ಸ್ವಂತ ಸಂಸ್ಥೆ ಕಟ್ಟುವ ಯೋಚನೆ ಈಗ ಬೇಡ. ನೋಂದಣಿ, ಆಡಿಟ್, ದೇಣಿಗೆ ಅಂತ ಓಡಾಡುವುದರಲ್ಲೇ ದಿನ ಹೋಗುತ್ತದೆ, ಹುಡುಗರು ದೂರವಾಗುತ್ತಾರೆ.

ಇಪ್ಪತ್ತು ಸಾವಿರ ಅಂದಿದ್ದಾರಲ್ಲ, ಅದು ಕೈಗೆ ಬರುವುದಾ, ಕಡಿತಕ್ಕೆ ಮುಂಚಿನದಾ ಅಂತ ಕೇಳಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗೆ ಪಿ.ಎಫ್. ಕಾಯ್ದೆ ಅನ್ವಯಿಸುತ್ತದೆ. 21 ಸಾವಿರದೊಳಗಿನ ಸಂಬಳಕ್ಕೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಕೂಡ ಅನ್ವಯಿಸಬಹುದು. ಗಾಡಿಯ ಪೆಟ್ರೋಲ್ ಯಾರು ಕೊಡುತ್ತಾರೆ? ಈ ಕೆಲಸದಲ್ಲಿ ಅರ್ಧ ದಿನ ಓಡಾಟವೇ. ನೇಮಕಾತಿ ಪತ್ರದಲ್ಲಿ ಯೋಜನೆ ಮುಗಿಯುವ ದಿನಾಂಕ ಬರೆದಿರಬೇಕು. ಮಕ್ಕಳ ರಕ್ಷಣೆಯ ನಿಯಮ ಲಿಖಿತವಾಗಿ ಇದೆಯಾ ನೋಡಿ. ಹದಿಹರೆಯದವರ ಜೊತೆ ಕೆಲಸ ಮಾಡುವಾಗ ಲೈಂಗಿಕ ದೌರ್ಜನ್ಯದ ಸಂಗತಿ ಕಿವಿಗೆ ಬಿದ್ದರೆ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ. ಯಾರಿಗೆ ಹೇಳಬೇಕು, ನಿಮ್ಮ ಬೆನ್ನಿಗೆ ಯಾರು ನಿಲ್ಲುತ್ತಾರೆ ಅನ್ನುವುದು ಮೊದಲೇ ಗೊತ್ತಿರದ ಸಂಸ್ಥೆಯಲ್ಲಿ ನೀವು ಒಬ್ಬರೇ ಸಿಕ್ಕಿಬೀಳುತ್ತೀರಿ. ಸಂಜೆ ತಡವಾಗಿ ಒಬ್ಬರೇ ಮನೆ ಭೇಟಿಗೆ ಕಳಿಸುತ್ತಾರಾ ಅಂತಲೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೇರುವ ಮೊದಲು ಅವರು ಈಗಾಗಲೇ ನಡೆಸುತ್ತಿರುವ ಯಾವುದಾದರೂ ಕೇಂದ್ರದ ಹೋದ ವರ್ಷದ ಹಾಜರಿ ಪುಸ್ತಕ ಕೇಳಿ ನೋಡಿ. ಅಡಿಕೆ ಕಾಲದಲ್ಲಿ, ಹಬ್ಬದ ವಾರದಲ್ಲಿ ಹಾಜರಿ ಕುಸಿದಿರಬೇಕು. ಬಂದು ಹೋಗುವವರ ಹೆಸರಿನ ಮುಂದೆ ‘ಅಜ್ಜಿ ಊರಿಗೆ’, ‘ಗ್ಯಾರೇಜು ಬದಲಾಗಿದೆ’, ‘ಮನೆಗೆ ಹೋಗಿ ಬಂದೆ’ ಅಂತ ಏನಾದರೂ ಗೀಚಿರಬೇಕು. ಅಂಥ ಗೀಚಿದ ಪುಸ್ತಕ ಸಿಕ್ಕರೆ ಧೈರ್ಯವಾಗಿ ಸೇರಿ. ವರ್ಷಪೂರ್ತಿ ಮೂವತ್ತಕ್ಕೆ ಮೂವತ್ತೂ ಹಾಜರಿ ಇದ್ದರೆ, ಇಲ್ಲಾ ಪುಸ್ತಕ ತೋರಿಸಲು ಹಿಂದೆ ಮುಂದೆ ನೋಡಿದರೆ, ಬೇರೆ ಸಂಸ್ಥೆ ಹುಡುಕಿ. ಅಲ್ಲಿಯ ತನಕ ಟಿಇಟಿಗೆ ಓದುತ್ತಿರಿ, ನಿಮ್ಮ ಹುಡುಗರ ಪಾಠವನ್ನು ಭಾನುವಾರದಿಂದ ವಾರದ ನಡುವಿನ ಎರಡು ಸಂಜೆಗೆ ಬದಲಿಸಿ ನೋಡಿ.